ಒಂದೇ ಫೋನಿನ ಹಲವು ಒಕ್ಕಲು

ಫೋನಿನಲ್ಲಿರುವ ಆ್ಯಪ್ ಇಂಟರ್ನೆಟ್ ಬಳಸುವುದು ಎರಡು ಸಂದರ್ಭಗಳಲ್ಲಿ: ಪರದೆಯ ಮೇಲೆ ತೆರೆದಿರುವಾಗ ಬಳಸುವವರ ಕಣ್ಣೆದುರಿಗೆ, ಮತ್ತು ಮುಚ್ಚಿಟ್ಟ ಮೇಲೆ ಅವರ ಗಮನಕ್ಕೆ ಬಾರದಂತೆ ಒಳಗೊಳಗೆ. ಈ ಎರಡನೆಯ ಬಳಕೆಯನ್ನು ಹಿನ್ನೆಲೆ ಡೇಟಾ ಎನ್ನುತ್ತಾರೆ. ಸಂದೇಶ ಬಂದ ಕೂಡಲೇ ಫೋನು ಸದ್ದು ಮಾಡುವುದು, ತೆಗೆದ ಫೋಟೊ ತಾನಾಗಿಯೇ ದೂರದ ಸರ್ವರ್ ಸೇರಿ ಉಳಿಯುವುದು, ಬೆಳಿಗ್ಗೆ ತೆರೆಯುವ ಹೊತ್ತಿಗೆ ಸುದ್ದಿಯ ಆ್ಯಪ್‌ನಲ್ಲಿ ಹೊಸ ಸುದ್ದಿ ತುಂಬಿರುವುದು ಎಲ್ಲವೂ ಇದರಿಂದಲೇ ಆಗುವಂಥವು. ಆದ್ದರಿಂದ ಹಿನ್ನೆಲೆ ಡೇಟಾ ತನ್ನಷ್ಟಕ್ಕೆ ಕೆಟ್ಟದ್ದೇನೂ ಅಲ್ಲ. ಆದರೆ ಯಾರೂ ನೋಡದ ವಿಡಿಯೊ ಮುಂಚಿತವಾಗಿಯೇ ಇಳಿದು ಕೂರುವುದೂ, ಯಾರೂ ಕೇಳದ ಜಾಹೀರಾತು ಬಂದು ಸೇರುವುದೂ ಇದೇ ದಾರಿಯಿಂದ. ಡೇಟಾಕ್ಕೆ ಹಣ ಕೊಡುವವರಿಗೆ ಇವುಗಳಲ್ಲಿ ಯಾವುದು ಬೇಕು, ಯಾವುದು ಬೇಡ ಎಂದು ಹೇಳುವ ಅಧಿಕಾರ ಇರಬೇಕಾದದ್ದು ನ್ಯಾಯ. 2011ರಲ್ಲಿ ಬಂದ ಆಂಡ್ರಾಯ್ಡ್ 4.0 ಆವೃತ್ತಿಯು ಆ ಅಧಿಕಾರವನ್ನು ಸೆಟ್ಟಿಂಗ್ಸ್‌ನಲ್ಲಿ ಒಂದು ಸ್ವಿಚ್ಚಿನ ರೂಪದಲ್ಲಿ, ಆ್ಯಪ್‌ಗೊಂದರಂತೆ, ಬಳಸುವವರ ಕೈಗೆ ಕೊಟ್ಟಿತು.

ಈ ಸ್ವಿಚ್ಚು ತಡೆಯುವುದು ಎಲ್ಲ ಬಗೆಯ ಸಂಪರ್ಕವನ್ನಲ್ಲ, ಮೀಟರ್ಡ್ ಸಂಪರ್ಕವನ್ನು ಮಾತ್ರ. ಎಂದರೆ ಬಳಸಿದಷ್ಟಕ್ಕೂ ಲೆಕ್ಕವಿರುವ ಸಂಪರ್ಕವನ್ನು. ಸಿಮ್‌ನ ಮೊಬೈಲ್ ಡೇಟಾ ಸಾಮಾನ್ಯವಾಗಿ ಈ ವರ್ಗಕ್ಕೆ ಸೇರುತ್ತದೆ, ಮನೆಯ ವೈಫೈ ಸೇರುವುದಿಲ್ಲ. ಒಂದು ಆಂಡ್ರಾಯ್ಡ್ ಫೋನಿನ ಹಾಟ್‌ಸ್ಪಾಟ್‌ಗೆ ಇನ್ನೊಂದು ಆಂಡ್ರಾಯ್ಡ್ ಫೋನು ಜೋಡಿಕೊಂಡಾಗ, ಸಂಪರ್ಕ ಕೊಡುವ ಫೋನು ಈ ಡೇಟಾ ಲೆಕ್ಕದ್ದು ಎಂಬ ಸೂಚನೆಯನ್ನೂ ಜೊತೆಗೆ ಕಳಿಸುತ್ತದೆ. ಪಡೆಯುವ ಫೋನು ಅದನ್ನು ವೈಫೈ ಎಂದು ಉದಾರವಾಗಿ ಖರ್ಚು ಮಾಡದೆ ಮೀಟರ್ಡ್ ಎಂದೇ ಪರಿಗಣಿಸುತ್ತದೆ. ಇಷ್ಟು ಸೂಕ್ಷ್ಮವಾಗಿ ಯೋಚಿಸಿ ಕಟ್ಟಿದ ಈ ವ್ಯವಸ್ಥೆಯಲ್ಲಿ, ಒಬ್ಬರು ಹೇಳಿದ 'ಬೇಡ' ಎಂಬ ಮಾತು ಅದೇ ಫೋನಿನ ಇನ್ನೊಂದು ಪ್ರೊಫೈಲ್‌ಗೆ ಹೋದಾಗ ಇಲ್ಲವಾಗುತ್ತದೆ ಎಂಬುದು ಬಹಳ ಜನ ಬಳಕೆದಾರರಿಗೆ ತಿಳಿಯದ ಸಂಗತಿ. ತಿಳಿಯುವುದೂ ಸಾಮಾನ್ಯವಾಗಿ ದಿನದ ಡೇಟಾ ಮುಗಿದುಹೋದ ಮೇಲೆಯೇ.

ಪ್ರೊಫೈಲ್ ಎಂದರೆ ಒಂದೇ ಸಾಧನದೊಳಗೆ ಒಬ್ಬೊಬ್ಬ ಬಳಕೆದಾರರಿಗೆ, ಅಥವಾ ಒಬ್ಬರದೇ ಬೇರೆ ಬೇರೆ ಉದ್ದೇಶಗಳಿಗೆ, ಪ್ರತ್ಯೇಕವಾಗಿ ಕೊಟ್ಟ ಜಾಗ. ಆಂಡ್ರಾಯ್ಡ್ ಇದನ್ನು 2012ರಲ್ಲಿ 4.2 ಆವೃತ್ತಿಯ ಮೂಲಕ ಮೊದಲು ಟ್ಯಾಬ್ಲೆಟ್‌ಗಳಿಗೆ, ಬಳಿಕ 2014ರಲ್ಲಿ 5.0 ಆವೃತ್ತಿಯ ಮೂಲಕ ಫೋನುಗಳಿಗೆ ತಂದಿತು. ಕಚೇರಿಯ ಆ್ಯಪ್‌ಗಳನ್ನು ಸ್ವಂತದ ಆ್ಯಪ್‌ಗಳಿಂದ ಬೇರೆಯಾಗಿಡುವ ವರ್ಕ್ ಪ್ರೊಫೈಲ್ ಎಂಬ ಏರ್ಪಾಡು ಬಂದದ್ದೂ ಆ 5.0 ಆವೃತ್ತಿಯಲ್ಲೇ; ಬೀಗ ಹಾಕಿ ಮರೆಯಾಗಿಡಬಹುದಾದ ಪ್ರೈವೇಟ್ ಸ್ಪೇಸ್ 2024ರ ಆಂಡ್ರಾಯ್ಡ್ 15ರಲ್ಲಿ ಸೇರಿತು. ಕೆಲವು ತಯಾರಕರು ಫೋನುಗಳಲ್ಲಿ ಬಹುಬಳಕೆದಾರ ಸೌಲಭ್ಯವನ್ನು ಕೈಬಿಟ್ಟಿದ್ದಾರೆ, ಆದರೆ ಎರಡು ಸಿಮ್ ಇರುವವರು ಎರಡು ವಾಟ್ಸ್‌ಆ್ಯಪ್ ಇಟ್ಟುಕೊಳ್ಳಲು ಅನುಕೂಲವಾಗುವ ಡ್ಯುಯಲ್ ಆ್ಯಪ್ ಸೌಲಭ್ಯವನ್ನು ಕೊಟ್ಟಿದ್ದಾರೆ. ಒಂದು ಆ್ಯಪ್‌ನ ಆ ಎರಡನೆಯ ಪ್ರತಿಯೂ ಒಳಗಡೆ, ಕಣ್ಣಿಗೆ ಕಾಣದ ಒಂದು ಪ್ರೊಫೈಲ್‌ನಲ್ಲಿಯೇ ಬದುಕುತ್ತದೆ. ಹೀಗಾಗಿ ಪ್ರೊಫೈಲ್ ಎಂಬ ಮಾತನ್ನೇ ಕೇಳದವರೂ ತಮ್ಮ ಫೋನಿನಲ್ಲಿ ಒಂದಕ್ಕಿಂತ ಹೆಚ್ಚು ಪ್ರೊಫೈಲ್ ಹೊಂದಿರುವುದು ಸಾಮಾನ್ಯ.

ಒಂದು ಪ್ರೊಫೈಲ್‌ನಲ್ಲಿ ಯಾವುದೋ ವಿಡಿಯೊ ಆ್ಯಪ್‌ನ ಹಿನ್ನೆಲೆ ಡೇಟಾವನ್ನು ತಡೆದಿಟ್ಟು, ಇನ್ನೊಂದಕ್ಕೆ ಹೋಗಿ ಅದೇ ಆ್ಯಪ್‌ನ ಅದೇ ಸ್ವಿಚ್ಚನ್ನು ನೋಡಿದರೆ, ಅಲ್ಲಿ ಯಾವ ತಡೆಯೂ ಇರುವುದಿಲ್ಲ. ಮೊದಲನೆಯ ಪ್ರೊಫೈಲ್‌ಗೆ ಮರಳಿದರೆ ತಡೆ ಇದ್ದಂತೆಯೇ ಇದೆ; ಫೋನನ್ನು ಆಫ್ ಮಾಡಿ ಆನ್ ಮಾಡಿದರೂ ಅದು ಅಳಿಯುವುದಿಲ್ಲ. ಆದ್ದರಿಂದ ಫೋನು ಮರೆತಿದೆ ಎನ್ನಲು ಬರುವುದಿಲ್ಲ. ಅದು ನೆನಪಿಟ್ಟಿದೆ, ಆದರೆ ಹೇಳಿದವರು ಅಂದುಕೊಂಡದ್ದಕ್ಕಿಂತ ಕಿರಿದಾದ ವ್ಯಾಪ್ತಿಯಲ್ಲಿ ನೆನಪಿಟ್ಟಿದೆ. ಹೇಳಿದವರ ಮನಸ್ಸಿನಲ್ಲಿ ಇದ್ದದ್ದು 'ಈ ಆ್ಯಪ್ ನನ್ನ ಸಿಮ್‌ನ ಡೇಟಾ ಮುಟ್ಟಬಾರದು' ಎಂಬ ಆಶಯ. ಫೋನು ಬರೆದುಕೊಂಡದ್ದು 'ಈ ಪ್ರೊಫೈಲ್‌ನಲ್ಲಿರುವ ಈ ಪ್ರತಿ ಮುಟ್ಟಬಾರದು' ಎಂಬ ನಿಯಮ. ಆಶಯಕ್ಕೂ ನಿಯಮಕ್ಕೂ ನಡುವೆ ಈ ಅಂತರ ಹುಟ್ಟಿದ್ದು ಹೇಗೆಂದು ತಿಳಿಯಲು ಕಂಪ್ಯೂಟರಿನ ಇತಿಹಾಸದಲ್ಲಿ ಸುಮಾರು ಐದು ದಶಕ ಹಿಂದಕ್ಕೆ ಹೋಗಬೇಕಾಗುತ್ತದೆ.

ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಮ್ಸನ್, ಡೆನಿಸ್ ರಿಚಿ ಮತ್ತು ಅವರ ಸಂಗಡಿಗರು 1970ರ ದಶಕದಲ್ಲಿ ಬೆಳೆಸಿದ ಯುನಿಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯು ಒಂದೇ ಯಂತ್ರವನ್ನು ಹಲವು ಜನ ಹಂಚಿಕೊಳ್ಳುವ ಕಾಲದ್ದು. ಯಾವ ಕಡತ ಯಾರದು, ಯಾವ ಕೆಲಸ ಯಾರ ಪರವಾಗಿ ನಡೆಯುತ್ತಿದೆ ಎಂದು ಗುರುತಿಸಲು ಅದು ಪ್ರತಿ ವ್ಯಕ್ತಿಗೂ ಒಂದು ಸಂಖ್ಯೆ ಕೊಟ್ಟಿತು. ಅದಕ್ಕೆ ಯುಐಡಿ, ಅಂದರೆ ಬಳಕೆದಾರರ ಗುರುತಿನ ಸಂಖ್ಯೆ, ಎಂದು ಹೆಸರು. ಯುನಿಕ್ಸ್‌ನ ದಾರಿಯಲ್ಲೇ 1991ರಲ್ಲಿ ಹುಟ್ಟಿದ ಲಿನಕ್ಸ್ ಈ ಸಂಖ್ಯೆಯನ್ನು ಉಳಿಸಿಕೊಂಡಿತು, ಲಿನಕ್ಸ್ ತಿರುಳಿನ ಮೇಲೆ ನಿಂತ ಆಂಡ್ರಾಯ್ಡ್‌ಗೂ ಅದು ಬಳುವಳಿಯಾಗಿ ಬಂತು. ಆದರೆ 2008ರಲ್ಲಿ ಮೊದಲ ಆಂಡ್ರಾಯ್ಡ್ ಫೋನು ಮಾರುಕಟ್ಟೆಗೆ ಬಂದಾಗ ಒಂದು ಫೋನಿಗೆ ಒಬ್ಬರೇ ಬಳಕೆದಾರರು ಎಂಬುದು ಅದರ ತಯಾರಿಯ ಹಿಂದಿದ್ದ ಗ್ರಹಿಕೆ. ವ್ಯಕ್ತಿಗಳನ್ನು ಪ್ರತ್ಯೇಕಿಸುವ ಅಗತ್ಯವೇ ಇಲ್ಲದಿದ್ದ ಕಾರಣ, ಒಂದು ಆ್ಯಪ್ ಇನ್ನೊಂದರ ಕಡತಗಳಿಗೆ ಕೈಹಾಕದಂತೆ ತಡೆಯಲು ಆ ಯುಐಡಿಯನ್ನೇ ಬಳಸಿಕೊಂಡು, ಪ್ರತಿ ಆ್ಯಪ್‌ಗೂ ಒಂದೊಂದು ಸಂಖ್ಯೆ ಕೊಟ್ಟರು. ನಾಲ್ಕು ವರ್ಷಗಳ ಮೇಲೆ ಬಹುಬಳಕೆದಾರರ ವ್ಯವಸ್ಥೆ ಬಂದಾಗ, ವ್ಯಕ್ತಿಯನ್ನೂ ಆ್ಯಪ್‌ನ್ನೂ ಎರಡನ್ನೂ ಅದೊಂದೇ ಸಂಖ್ಯೆಯೊಳಗೆ ಅಡಕಗೊಳಿಸಬೇಕಾಗಿ ಬಂತು.

ಅದಕ್ಕೆ ಆಂಡ್ರಾಯ್ಡ್ ರೂಪಿಸಿದವರು ಕಂಡುಕೊಂಡ ಉಪಾಯ ಸರಳ ಗುಣಾಕಾರದ್ದು. ಪ್ರತಿ ಬಳಕೆದಾರರಿಗೂ ಒಂದು ಲಕ್ಷ ಸಂಖ್ಯೆಗಳ ಒಂದು ವಲಯ ಮೀಸಲು. ಫೋನಿನ ಮೊದಲ ಬಳಕೆದಾರರ ಕ್ರಮಸಂಖ್ಯೆ 0, ಬಳಿಕ ಸೇರುವವರದು 10ರಿಂದ ಮೇಲಕ್ಕೆ. ಬಳಕೆದಾರರು ಹಾಕಿಕೊಳ್ಳುವ ಆ್ಯಪ್‌ಗಳ ಸಂಖ್ಯೆ 10000ದಿಂದ ಶುರು. ಒಂದು ಆ್ಯಪ್‌ನ ಸಂಖ್ಯೆ 10123 ಎಂದಿಟ್ಟುಕೊಂಡರೆ, ಮೊದಲ ಬಳಕೆದಾರರ ಪ್ರೊಫೈಲ್‌ನಲ್ಲಿ ಅದರ ಯುಐಡಿ 10123. ಕ್ರಮಸಂಖ್ಯೆ 10ರ ಪ್ರೊಫೈಲ್‌ನಲ್ಲಿ ಅದು 1010123. 11ರ ಪ್ರೊಫೈಲ್‌ನಲ್ಲಿ 1110123. ಆ್ಯಪ್‌ನ ಕೋಡ್ ಫೋನಿನಲ್ಲಿ ಇರುವುದು ಒಂದೇ ಪ್ರತಿ, ಒಬ್ಬರು ಅಪ್‌ಡೇಟ್ ಮಾಡಿದರೆ ಎಲ್ಲರಿಗೂ ಅಪ್‌ಡೇಟ್ ಆಗುತ್ತದೆ. ಆದರೆ ಖಾತೆ, ಕಡತ, ಅನುಮತಿಗಳೆಲ್ಲ ಪ್ರೊಫೈಲ್‌ಗೊಂದರಂತೆ ಬೇರೆ ಬೇರೆ. ಡೇಟಾ ಬಳಕೆಯ ನಿಯಮಗಳನ್ನು ಫೋನು ನೆಟ್‌ಪಾಲಿಸಿ ಎಂಬ ಹೆಸರಿನ ಒಂದು ಸಣ್ಣ ಕಡತದಲ್ಲಿ ಬರೆದಿಡುತ್ತದೆ. ಸ್ವಿಚ್ಚು ಒತ್ತಿದಾಗ ಆ ಕಡತಕ್ಕೆ ಸೇರುವ ಸಾಲಿನಲ್ಲಿ ಆ್ಯಪ್‌ನ ಹೆಸರೇ ಇರುವುದಿಲ್ಲ; ಯುಐಡಿ 10123, ನೀತಿ 1, ಎಂಬಷ್ಟೇ ಇರುತ್ತದೆ. ನೀತಿ 1 ಎಂದರೆ ಮೀಟರ್ಡ್ ಸಂಪರ್ಕದಲ್ಲಿ ಹಿನ್ನೆಲೆ ಬಳಕೆಗೆ ತಡೆ ಎಂದರ್ಥ. ಫೋನಿನಿಂದ ಹೊರಗೆ ಹೋಗುವ, ಒಳಗೆ ಬರುವ ಪ್ರತಿ ಸಂಪರ್ಕದ ಒಡೆತನವನ್ನು ಲಿನಕ್ಸ್ ತಿರುಳು ಈ ಸಂಖ್ಯೆಯಿಂದಲೇ ಗುರುತಿಸುತ್ತದೆ. ಅದರ ಲೆಕ್ಕದಲ್ಲಿ 10123 ಮತ್ತು 1010123 ಎರಡೂ ಪರಸ್ಪರ ಸಂಬಂಧವೇ ಇಲ್ಲದ ಇಬ್ಬರು. ಒಬ್ಬರಿಗೆ ಹಾಕಿದ ತಡೆ ಇನ್ನೊಬ್ಬರಿಗೆ ತಾಗಲು ಕಾರಣವೇ ಇಲ್ಲ.

ಈ ವಿಂಗಡಣೆಯನ್ನು ವ್ಯವಸ್ಥೆಯು ಉದ್ದೇಶಪೂರ್ವಕವಾಗಿಯೇ ಕಾಯುತ್ತದೆ. ಹೊಸ ಬಳಕೆದಾರರನ್ನು ಸೇರಿಸಿದ ಗಳಿಗೆಯಲ್ಲಿ, ಅವರಿಗೆ ಮೀಸಲಾದ ವಲಯದಲ್ಲಿ ಹಳೆಯ ನಿಯಮವೇನಾದರೂ ಉಳಿದಿದ್ದರೆ ಆಂಡ್ರಾಯ್ಡ್ ಅದನ್ನು ಅಳಿಸಿ, ಜಾಗವನ್ನು ಶುದ್ಧಗೊಳಿಸಿಯೇ ಒಪ್ಪಿಸುತ್ತದೆ. ಹಿಂದಿದ್ದವರ ಇಚ್ಛೆ ಹೊಸಬರನ್ನು ಕಟ್ಟಿಹಾಕಬಾರದು ಎಂಬುದು ಅದರ ತರ್ಕ. ಆ್ಯಪ್‌ನ್ನು ತೆಗೆದುಹಾಕಿದರೂ ಅದರ ಸಂಖ್ಯೆಗೆ ಅಂಟಿದ ನಿಯಮ ಅಳಿಯುತ್ತದೆ, ಮತ್ತೆ ಹಾಕಿಕೊಂಡಾಗ ಆ್ಯಪ್ ಹೊಸದಾಗಿ, ತಡೆಯಿಲ್ಲದೆ ಬರುತ್ತದೆ. ಹೊಸ ಫೋನು ಕೊಂಡಾಗ ಅದೇ ಆ್ಯಪ್‌ಗೆ ಅಲ್ಲಿ ಬೇರೆಯೇ ಸಂಖ್ಯೆ ಸಿಗುವುದರಿಂದ ಹಳೆಯ ಫೋನಿನ ಸಾಲನ್ನು ಇದ್ದಂತೆಯೇ ಒಯ್ದು ಅಂಟಿಸುವುದೂ ಅರ್ಥವಿಲ್ಲದ್ದಾಗುತ್ತದೆ.

ಗೊಂದಲ ಹೆಚ್ಚುವುದು ಸೆಟ್ಟಿಂಗ್ಸ್‌ನ ಎಲ್ಲ ಸ್ವಿಚ್ಚುಗಳೂ ಹೀಗಿಲ್ಲದಿರುವುದರಿಂದ. ಸಿಮ್‌ಗೆ ತಿಂಗಳಿಗಿಷ್ಟು ಎಂದು ಹಾಕುವ ಡೇಟಾ ಮಿತಿ ಆ ಸಿಮ್‌ಗೆ ಅಂಟಿದ್ದು. ಯಾವ ಪ್ರೊಫೈಲ್‌ನವರು ಬಳಸಿದರೂ ಒಟ್ಟು ಬಳಕೆ ಆ ಮಿತಿ ಮುಟ್ಟಿದಾಗ ಮೊಬೈಲ್ ಡೇಟಾ ನಿಲ್ಲುತ್ತದೆ. 2016ರ ಆಂಡ್ರಾಯ್ಡ್ 7.0ರಲ್ಲಿ ಬಂದ ಡೇಟಾ ಸೇವರ್, ಎಂದರೆ ಎಲ್ಲ ಆ್ಯಪ್‌ಗಳ ಹಿನ್ನೆಲೆ ಡೇಟಾವನ್ನು ಒಟ್ಟಿಗೆ ತಡೆಯುವ ಸ್ವಿಚ್ಚು, ಇಡೀ ಸಾಧನಕ್ಕೆ ಅನ್ವಯಿಸುತ್ತದೆ. ಆದರೆ ಅದರಿಂದ ಯಾವುದೋ ಒಂದು ಆ್ಯಪ್‌ಗೆ ವಿನಾಯಿತಿ ಕೊಟ್ಟರೆ ಆ ವಿನಾಯಿತಿ ಮತ್ತೆ ಯುಐಡಿಗೆ, ಅರ್ಥಾತ್ ಆ ಪ್ರೊಫೈಲ್‌ಗೆ ಮಾತ್ರ. ಬ್ಯಾಟರಿ ಉಳಿಸಲು 2015ರ 6.0 ಆವೃತ್ತಿಯಲ್ಲಿ ಬಂದ ಡೋಜ್ ಎಂಬ ವ್ಯವಸ್ಥೆಯಿದೆ, ಅದು ಬಳಸದೆ ಇಟ್ಟ ಫೋನನ್ನು ಗಾಢ ನಿದ್ದೆಗೆ ಕಳಿಸುತ್ತದೆ. ಅದರಿಂದ ಆ್ಯಪ್‌ಗೆ ಕೊಡುವ ವಿನಾಯಿತಿ ಆ್ಯಪ್‌ನ ಹೆಸರಿಗೆ ಅಂಟಿರುವುದರಿಂದ ಎಲ್ಲ ಪ್ರೊಫೈಲ್‌ಗಳಿಗೂ ಹರಡುತ್ತದೆ. ಅಲ್ಲಿಗೆ ಒಂದು ಆ್ಯಪ್‌ನ ವಿವರದ ಪುಟದಲ್ಲಿ ಕೆಲವೇ ಸಾಲುಗಳ ಅಂತರದಲ್ಲಿರುವ ಎರಡು ಆಯ್ಕೆಗಳಲ್ಲಿ, ಬ್ಯಾಟರಿಗೆ ಸಂಬಂಧಿಸಿದ ಒಂದರ ಪರಿಣಾಮ ಮನೆಮಂದಿಗೆಲ್ಲ, ಡೇಟಾಕ್ಕೆ ಸಂಬಂಧಿಸಿದ ಇನ್ನೊಂದರದು ಒತ್ತಿದವರಿಗೆ ಮಾತ್ರ. ನೋಟದಲ್ಲಿ ಈ ಎರಡರ ನಡುವೆ ಯಾವ ವ್ಯತ್ಯಾಸವೂ ಇಲ್ಲ, ವ್ಯಾಪ್ತಿಯನ್ನು ತಿಳಿಸುವ ಒಂದು ಸಾಲೂ ಇಲ್ಲ. ದೋಷವೆಂದು ಕರೆಯಬೇಕಾದದ್ದು ಏನಾದರೂ ಇದ್ದರೆ ಅದು ಈ ಮೌನ.

ಹಾಗಾದರೆ ತಡೆಯು ಎಲ್ಲ ಪ್ರೊಫೈಲ್‌ಗಳಿಗೂ ತಾನಾಗಿಯೇ ಹರಡಬೇಕೆನ್ನುವುದು ಪರಿಹಾರವಾಗುತ್ತದೆಯೇ ಎಂದು ಕೇಳಿದರೆ, ಆಗುವುದಿಲ್ಲ ಎಂದೇ ಹೇಳಬೇಕಾಗುತ್ತದೆ. ಒಂದೇ ಫೋನಿನಲ್ಲಿ ತನ್ನದೊಂದು ಪ್ರೊಫೈಲ್ ಇಟ್ಟುಕೊಂಡ ಹೆಣ್ಣುಮಗಳೊಬ್ಬಳಿಗೆ, ಅವಳ ಸಂದೇಶದ ಆ್ಯಪ್ ಯಾವಾಗ ಎಚ್ಚರವಾಗಿರಬೇಕು ಎಂಬುದನ್ನು ಮನೆಯ ಗಂಡಸು ತನ್ನ ಪ್ರೊಫೈಲ್‌ನಿಂದ ನಿರ್ಧರಿಸುವಂತಾದರೆ, ಪ್ರೊಫೈಲ್ ಎಂಬ ಏರ್ಪಾಡಿನ ಅರ್ಥವೇ ಉಳಿಯುವುದಿಲ್ಲ. ಆಂಡ್ರಾಯ್ಡ್ ಈ ಮರ್ಯಾದೆಯನ್ನು ಚೆನ್ನಾಗಿಯೇ ಕಾಪಾಡಿದೆ: ಡೇಟಾ ಬಳಕೆಯ ಪುಟದಲ್ಲಿ ತಮ್ಮ ಆ್ಯಪ್‌ಗಳ ಲೆಕ್ಕ ಒಂದೊಂದಾಗಿ ಕಾಣುತ್ತದೆ, ಇನ್ನೊಬ್ಬ ಬಳಕೆದಾರರದು ಅವರ ಹೆಸರಿನ ಮುಂದೆ ಒಂದೇ ಮೊತ್ತವಾಗಿ ಕಾಣುತ್ತದೆ. ಅವರು ಎಷ್ಟು ಬಳಸಿದರು ಎಂಬುದು ತಿಳಿಯುತ್ತದೆ, ಯಾವುದರಲ್ಲಿ ಬಳಸಿದರು ಎಂಬುದು ತಿಳಿಯುವುದಿಲ್ಲ. ಈ ಮುಚ್ಚುಮರೆ ಖಾಸಗಿತನದ ರಕ್ಷಣೆಯಾದ್ದರಿಂದ ಅದನ್ನು ಬಿಟ್ಟುಕೊಡುವ ಮಾತಿಲ್ಲ.

ಆದರೂ ಇಚ್ಛೆಗಳು ಬೇರೆ ಬೇರೆ ಎಂಬ ಸತ್ಯದ ಜೊತೆಗೆ ಸಿಮ್ ಒಂದೇ ಎಂಬ ಸತ್ಯವೂ ಇದೆ. ಒಂದು ಪ್ರೊಫೈಲ್‌ನಿಂದ ಇನ್ನೊಂದಕ್ಕೆ ಬದಲಾಯಿಸಿದ ಮಾತ್ರಕ್ಕೆ ಹಿಂದಿನದು ನಿಲ್ಲುವುದಿಲ್ಲ. ಅದರ ಆ್ಯಪ್‌ಗಳು ಹಿನ್ನೆಲೆಯಲ್ಲಿ ಓಡುತ್ತಲೇ ಇರುತ್ತವೆ, ಅದೇ ಡೇಟಾವನ್ನು ಬಳಸುತ್ತಲೇ ಇರುತ್ತವೆ. ಭಾರತದಲ್ಲಿ 2016ರ ಬಳಿಕ ಡೇಟಾದ ಬೆಲೆ ಕುಸಿದು, ದಿನಕ್ಕೆ ಒಂದೂವರೆ ಅಥವಾ ಎರಡು ಜಿಬಿ ಎಂಬ ಲೆಕ್ಕದ ರೀಚಾರ್ಜ್ ಮನೆಮನೆಯ ಮಾತಾಯಿತು. ದಿನದ ಪಾಲು ಮುಗಿದರೆ ವೇಗ ಇಳಿಯುತ್ತದೆ, ಮಧ್ಯರಾತ್ರಿಯವರೆಗೆ ಕಾಯಬೇಕಾಗುತ್ತದೆ. ಫೋನೊಂದಕ್ಕೆ ಒಬ್ಬರೇ ಎಂಬ ಗ್ರಹಿಕೆ ಇಲ್ಲಿನ ಬದುಕಿಗೆ ಎಂದೂ ಪೂರ್ತಿ ಹೊಂದಿದ್ದಲ್ಲ. 2020ರಲ್ಲಿ ಶಾಲೆಗಳು ಮುಚ್ಚಿ ಪಾಠ ಫೋನಿಗೆ ಬಂದಾಗ, ಒಂದೇ ಫೋನು ಇದ್ದ ಮನೆಗಳಲ್ಲಿ ಅಣ್ಣತಂಗಿಯರು ಸರದಿಯ ಮೇಲೆ ಕೂರಬೇಕಾಯಿತು, ಫೋನೇ ಇಲ್ಲದ ಮಕ್ಕಳಿಗಾಗಿ ಕರ್ನಾಟಕದ ಶಿಕ್ಷಣ ಇಲಾಖೆ ವಿದ್ಯಾಗಮ ಯೋಜನೆಯಡಿ ಶಿಕ್ಷಕರನ್ನೇ ಮಕ್ಕಳಿರುವ ಕಡೆಗೆ ಕಳಿಸಿತು. ಅಂಥ ಮನೆಯಲ್ಲಿ ತಂದೆಯ ಪ್ರೊಫೈಲ್‌ನ ಆ್ಯಪ್‌ಗಳು ಹಿನ್ನೆಲೆಯಲ್ಲಿ ಡೇಟಾ ಎಳೆದುಕೊಂಡು, ಸಂಜೆಯ ಪಾಠದ ಹೊತ್ತಿಗೆ ಮಗಳಿಗೆ ಏನೂ ಉಳಿಯದಿದ್ದರೆ, ಅದು ಬರಿಯ ತಾಂತ್ರಿಕ ಸಂಗತಿಯಾಗಿ ಉಳಿಯುವುದಿಲ್ಲ.

ಹಂಚಿಕೊಳ್ಳುವ ಸಂಪತ್ತಿನ ವಿಷಯದಲ್ಲಿ ಕೋಲಾರ, ತುಮಕೂರು ಕಡೆಯ ಕೆರೆಗಳ ಹಳೆಯ ಪದ್ಧತಿ ಇಲ್ಲಿ ಉಪಯುಕ್ತವಾದ ಒಂದು ತಿಳಿವನ್ನು ಕೊಡುತ್ತದೆ. ಅಚ್ಚುಕಟ್ಟಿನ ಗದ್ದೆಗಳು ಒಬ್ಬೊಬ್ಬರದು. ಯಾರು ಏನು ಬಿತ್ತಬೇಕು, ಯಾವಾಗ ಕಳೆ ಕೀಳಬೇಕು ಎಂಬುದು ಅವರವರ ಮಾತು. ಕೆರೆಯ ನೀರು ಮಾತ್ರ ಊರಿನದು; ತೂಬು ಎತ್ತಿ ಸರದಿಯಂತೆ ನೀರು ಹಾಯಿಸುವ ಹೊಣೆ ನೀರಗಂಟಿಯದು. ಅವನ ಅಧಿಕಾರ ಗದ್ದೆಯೊಳಗಿನ ಬೆಳೆಯ ಮೇಲಲ್ಲ, ಗದ್ದೆಗೆ ಬರುವ ನೀರಿನ ಮೇಲೆ. ಯಾವ ನಿರ್ಧಾರ ಒಕ್ಕಲಿನದು, ಯಾವುದು ಊರಿನದು ಎಂಬುದು ಅಚ್ಚುಕಟ್ಟಿನ ಪ್ರತಿಯೊಬ್ಬರಿಗೂ ಗೊತ್ತಿರುತ್ತಿತ್ತು, ಆ ತಿಳಿವಳಿಕೆಯ ಮೇಲೆಯೇ ಹಂಚಿಕೆ ನಡೆಯುತ್ತಿತ್ತು. ಫೋನಿನಲ್ಲಿ ಆ್ಯಪ್‌ಗಳ ಮೇಲಿನ ತಡೆ ಪ್ರೊಫೈಲ್‌ನವರ ಸ್ವಂತ ನಿರ್ಧಾರ, ಸಿಮ್‌ನ ಡೇಟಾ ಎಲ್ಲರ ಸಂಪತ್ತು. ಎರಡಕ್ಕೂ ಬೇರೆ ಬೇರೆ ಸಾಧನಗಳು ಫೋನಿನಲ್ಲಿ ಈಗಾಗಲೇ ಇವೆ. ಯಾವುದು ಯಾವುದಕ್ಕೆ ಎಂಬ ಅರಿವನ್ನು ಬಳಸುವವರಿಗೆ ಕೊಡುವ ಕೆಲಸ ಮಾತ್ರ ಬಾಕಿ ಇದೆ.

ಅರಿವಿಲ್ಲದಿರುವುದರ ಭಾರ ವರ್ಕ್ ಪ್ರೊಫೈಲ್‌ನಲ್ಲಿ ಇನ್ನೊಂದು ಬಗೆಯಲ್ಲಿ ಬೀಳುತ್ತದೆ. ಬೆಂಗಳೂರಿನಲ್ಲಿ ಸ್ವಂತ ಫೋನಿನಲ್ಲೇ ಕಚೇರಿಯ ಇಮೇಲ್ ಇಟ್ಟುಕೊಳ್ಳುವ ಉದ್ಯೋಗಿಗಳು ಬಹಳ. ಕಚೇರಿಯ ಪ್ರೊಫೈಲ್ ಸ್ವಂತದ್ದರ ಜೊತೆಜೊತೆಗೇ ಸದಾ ಓಡುತ್ತಿರುತ್ತದೆ. ಸ್ವಂತ ಆ್ಯಪ್‌ಗಳನ್ನೆಲ್ಲ ಬಿಗಿಯಾಗಿ ಹಿಡಿದಿಟ್ಟವರೂ ಅದರ ಬಳಕೆ ಪಕ್ಕದ ಪ್ರತ್ಯೇಕ ಪಟ್ಟಿಯಲ್ಲಿದೆ ಎಂಬುದನ್ನು ಗಮನಿಸದೆ ಹೋಗಬಹುದು. ಆಗ ಸಂಸ್ಥೆಯ ಕೆಲಸಕ್ಕೆ ತಗಲುವ ಡೇಟಾದ ಖರ್ಚು ಉದ್ಯೋಗಿಯ ಜೇಬಿನಿಂದಲೇ ಹೋಗುತ್ತದೆ, ಅದು ಎಷ್ಟೆಂದು ಯಾರೂ ಕೇಳುವುದಿಲ್ಲ.

ಈಗಿರುವ ವ್ಯವಸ್ಥೆಯಲ್ಲೇ ಮಾಡಿಕೊಳ್ಳಬಹುದಾದದ್ದೂ ಕಡಿಮೆಯೇನಲ್ಲ. ಪ್ರತಿಯೊಂದು ಪ್ರೊಫೈಲ್‌ಗೂ ಒಮ್ಮೆ ಹೋಗಿ, ಹೆಚ್ಚು ಡೇಟಾ ಎಳೆಯುವ ಆ್ಯಪ್‌ಗಳ ಸ್ವಿಚ್ಚನ್ನು ಅಲ್ಲಲ್ಲಿಯೇ ಸರಿಪಡಿಸುವುದು ಮೊದಲ ಹೆಜ್ಜೆ. ಒಟ್ಟು ಡೇಟಾವನ್ನು ಕಾಪಾಡಬೇಕಾದಾಗ ಆ್ಯಪ್‌ಗೊಂದರ ಸ್ವಿಚ್ಚನ್ನು ನೆಚ್ಚದೆ, ಇಡೀ ಸಾಧನಕ್ಕೆ ಅನ್ವಯಿಸುವ ಡೇಟಾ ಸೇವರ್‌ನ್ನೂ ಸಿಮ್‌ನ ಮಿತಿಯನ್ನೂ ಬಳಸುವುದು ಎರಡನೆಯದು. ಬಳಸಿ ಮುಗಿದ ಮೇಲೆ ವರ್ಕ್ ಪ್ರೊಫೈಲ್‌ನ್ನು ವಿರಾಮದಲ್ಲಿಟ್ಟರೆ, ಪ್ರೈವೇಟ್ ಸ್ಪೇಸ್‌ಗೆ ಬೀಗ ಹಾಕಿದರೆ ಅವುಗಳ ಆ್ಯಪ್‌ಗಳು ನಿಲ್ಲುತ್ತವೆ. ಫೋನನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಿದರೆ, ಉಳಿದ ಬಳಕೆದಾರರ ಪ್ರೊಫೈಲ್‌ಗಳು ಅವರು ಮತ್ತೆ ಪ್ರವೇಶಿಸುವವರೆಗೆ ಓಡುವುದಿಲ್ಲ. ಆ್ಯಪ್ ಮರುಸ್ಥಾಪಿಸಿದ ಮೇಲೆ, ಫೋನು ಬದಲಿಸಿದ ಮೇಲೆ, ಹೊಸ ಪ್ರೊಫೈಲ್ ತೆರೆದ ಮೇಲೆ ಇವನ್ನೆಲ್ಲ ಇನ್ನೊಮ್ಮೆ ನೋಡಿಕೊಳ್ಳಬೇಕು.

ಆದರೆ ಈ ಎಚ್ಚರವನ್ನೆಲ್ಲ ಬಳಸುವವರ ಮೇಲೆಯೇ ಹೊರಿಸುವುದು ಸರಿಯಲ್ಲ. ಯುಐಡಿ ಎಂದರೇನೆಂದು ತಿಳಿದವರಿಗೆ ಮಾತ್ರ ಅರ್ಥವಾಗುವ ಸ್ವಿಚ್ಚು, ಕೊಟ್ಟ ಅಧಿಕಾರವನ್ನು ಅರ್ಧಕ್ಕೇ ಹಿಂತೆಗೆದುಕೊಂಡಂತೆ. ಫೋನನ್ನು ರೂಪಿಸುವವರು ಮಾಡಬೇಕಾದ ತಿದ್ದುಪಡಿ ದೊಡ್ಡದೂ ಅಲ್ಲ. ಹಿನ್ನೆಲೆ ಡೇಟಾದ ಸ್ವಿಚ್ಚಿನ ಕೆಳಗೆ 'ಈ ಪ್ರೊಫೈಲ್‌ಗೆ ಮಾತ್ರ ಅನ್ವಯಿಸುತ್ತದೆ' ಎಂದು, ಬ್ಯಾಟರಿಯ ವಿನಾಯಿತಿಯ ಕೆಳಗೆ 'ಈ ಫೋನಿನ ಎಲ್ಲ ಬಳಕೆದಾರರಿಗೂ ಅನ್ವಯಿಸುತ್ತದೆ' ಎಂದು, ಬಳಸುವವರು ಆರಿಸಿಕೊಂಡ ಭಾಷೆಯಲ್ಲಿ ಬರೆದರೆ ಸಾಕು. ಒಬ್ಬರೇ ವ್ಯಕ್ತಿ ತಮ್ಮದೇ ಎರಡನೆಯ ಪ್ರತಿಯನ್ನೋ ಪ್ರೈವೇಟ್ ಸ್ಪೇಸ್‌ನ್ನೋ ತೆರೆಯುವಾಗ, ಹಳೆಯ ತಡೆಗಳನ್ನು ಇಲ್ಲಿಗೂ ತರಬೇಕೇ ಎಂದು ಒಮ್ಮೆ ಕೇಳಬಹುದು, ಏಕೆಂದರೆ ಅಲ್ಲಿ ಎರಡೂ ಕಡೆ ಇರುವುದು ಒಂದೇ ಮನಸ್ಸು. ಬೇರೆ ವ್ಯಕ್ತಿಯ ಪ್ರೊಫೈಲ್ ಆದರೆ ಕೇಳದೆಯೇ ಶುದ್ಧವಾಗಿ ಒಪ್ಪಿಸುವ ಈಗಿನ ಕ್ರಮವೇ ಸರಿ. ತನ್ನ ನಿರಾಕರಣೆ ಎಲ್ಲಿಯವರೆಗೆ ನಡೆಯುತ್ತದೆ ಎಂಬುದನ್ನು ನಿರಾಕರಿಸಿದ ಗಳಿಗೆಯಲ್ಲೇ ತಿಳಿಯುವುದು ಬಳಸುವವರ ಹಕ್ಕು. ಅದನ್ನು ತಿಳಿಸುವುದು ಸ್ವಿಚ್ಚು ಕೊಟ್ಟವರ ಕರ್ತವ್ಯ.